ತತ್ತಿದಿಬ್ಬಕ್ಕೆ ಆ ಹೆಸರು ಬಂದದ್ದು

ಉಸುಕಿನಹಾಳಕ್ಕೆ ಹೋಗುವ ಬಸ್ಸು ಸೇತುವೆ ದಾಟಿದ ಕೂಡಲೇ ಎಡಗಡೆ ಹೊಳೆಯ ದಂಡೆಯ ಮೇಲೆ ಒಂದು ದಿಬ್ಬ ಕಾಣುತ್ತದೆ. ದೊಡ್ಡದೇನಲ್ಲ, ವಯಸ್ಸಾದವರೂ ಒಂದೇ ಉಸಿರಿಗೆ ಹತ್ತಬಹುದು. ಮೇಲೆ ಗುಡಿಯಿಲ್ಲ, ಕಂಬವಿಲ್ಲ, ಶಾಸನವಿಲ್ಲ. ಗರಸುಮಣ್ಣು, ಅಲ್ಲಲ್ಲಿ ಜಾಲಿಗಿಡ, ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುವ ಒಂದು ಹಾಸುಬಂಡೆ, ಅಷ್ಟೇ. ಇದಕ್ಕೆ ತತ್ತಿದಿಬ್ಬ ಎನ್ನುತ್ತಾರೆ. ಹೊರಗಿನಿಂದ ಬಂದವರು ದೂರದಿಂದಲೇ ನೋಡಿ, ತತ್ತಿಯ ಹಾಗೆ ದುಂಡಗಿದೆ, ಅದಕ್ಕೇ ಈ ಹೆಸರು ಎಂದು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಎಲ್ಲಿಯ ದುಂಡು! ಒಂದು ಮಗ್ಗುಲನ್ನು ಹೊಳೆ ಕೊರೆದು ಕಡಿದಾಗಿಸಿದೆ, ಇನ್ನೊಂದು ಮಗ್ಗುಲು ದನ ಹತ್ತಿ ಇಳಿದು ಸವೆದಿದೆ. ಕೇಳುವ ಪುರುಸೊತ್ತಿಲ್ಲದವರಿಗೆ ಊರಿನವರು ಹೌದು ಹೌದು ಎಂದು ತಲೆಯಾಡಿಸಿ ಕಳಿಸುತ್ತಾರೆ. ಕೂತು ಕೇಳುವವರಿಗೆ ಮಾತ್ರ ಹುಲುಗಪ್ಪನ ಕಥೆ ಹೇಳುತ್ತಾರೆ. ಹೇಳುವುದಕ್ಕೆ ಅವರಿಗೇನೂ ಇಷ್ಟವಿಲ್ಲ, ಆದರೆ ಹೇಳದೆ ಬಿಟ್ಟರೆ ಅದೂ ಸರಿಯಲ್ಲ ಎಂದುಕೊಂಡವರು.

ಹಿಂದೆ ಒಮ್ಮೆ, ಇಲ್ಲಿ ಸೇತುವೆಯಾಗುತ್ತದೆಂದು ಯಾರೂ ಕನಸಿನಲ್ಲೂ ಎಣಿಸದಿದ್ದ ಕಾಲದಲ್ಲಿ, ಉಸುಕಿನಹಾಳ ದಂಡೆಯ ಮೇಲೆ ಇರಲೇ ಇಲ್ಲ, ಹೊಳೆಯ ಒಳಗೇ ಇತ್ತು ಎನ್ನುತ್ತಾರೆ. ಇಲ್ಲಿಯವರು ಹಿರೇಹೊಳೆ ಎಂದು ಕರೆಯುವ ಈ ನದಿ ಮಳೆಗಾಲದಲ್ಲಿ ದಂಡೆಯಿಂದ ದಂಡೆಗೆ ತುಂಬಿ ಹರಿದು, ಚಳಿ ಬೀಳುವ ಹೊತ್ತಿಗೆ ಸೊರಗಿ, ಆಚೆ ಮಗ್ಗುಲಿನಲ್ಲಿ ಒಂದು ಸಣ್ಣ ಧಾರೆಯಾಗಿ ಸರಿದುಕೊಳ್ಳುತ್ತಿತ್ತು. ಉಳಿದ ಅಗಲವೆಲ್ಲ ಬೆಳ್ಳನೆಯ ಉಸುಕು. ದಂಡೆಯ ಮೇಲಿನ ಎರೆಭೂಮಿ ಗೌಡರದು. ಹೊಳೆಯವರು ಎಂದು ಕರೆಸಿಕೊಳ್ಳುತ್ತಿದ್ದ ಈ ಜನಕ್ಕೆ ಅಲ್ಲಿ ಅಂಗೈ ಅಗಲ ನೆಲವೂ ಇರಲಿಲ್ಲ. ಹೊಳೆ ಬಿಟ್ಟುಕೊಟ್ಟ ಉಸುಕೇ ಅವರ ಹೊಲ, ಅಲ್ಲೇ ಅವರ ಮನೆ. ನೀರು ಸರಿದ ಮೇಲೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಕೆಳಗಿಳಿದು, ಜೋಳದ ದಂಟಿನ ಗುಡಿಸಲು ಹಾಕಿ, ತೇವ ಸಿಗುವವರೆಗೆ ಉಸುಕು ತೋಡಿ, ಕುಣಿಗೆ ಕುರಿಗೊಬ್ಬರ ತುಂಬಿ ಕಲ್ಲಂಗಡಿ, ಸವತೆ, ಕರಬೂಜ ಊರುತ್ತಿದ್ದರು. ಕಾಯಿ ಬಲಿತ ಮೇಲೆ ಅದನ್ನು ದಂಡೆಯ ಊರುಗಳಿಗೆ ಹೊತ್ತೊಯ್ದು ಜೋಳ ತರುತ್ತಿದ್ದರು. ಮಳೆಗಾಲವಿಡೀ ಗೌಡರ ಹಿತ್ತಲ ಬದಿಯಲ್ಲಿ ಮುದುಡಿ ಕೂತು ಆ ಜೋಳವನ್ನೇ ಉಣ್ಣುತ್ತಿದ್ದರು. ಉಸುಕಿನ ಬೆಳೆ ಕೈಗೆ ಬಂದರೆ ಮಳೆಗಾಲಕ್ಕೆ ಅನ್ನ, ಇಲ್ಲದಿದ್ದರೆ ಇಲ್ಲ. ನಡುವೆ ಮತ್ತೊಂದು ದಾರಿ ಅವರಿಗಿರಲಿಲ್ಲ.

ಈ ಹೊಳೆಗೆ ಒಂದು ಕೆಟ್ಟ ಗುಣವಿತ್ತು. ಇಲ್ಲಿ ನೆತ್ತಿ ಸುಡುವ ಬಿಸಿಲಿರುವಾಗಲೇ ಪಡುವಣ ಬೆಟ್ಟಗಳಲ್ಲಿ ಎಲ್ಲೋ ಮಳೆ ಬಿದ್ದು ನೀರು ಬಂದುಬಿಡುತ್ತಿತ್ತು. ಮೋಡ ನೋಡಿ ಏಳುತ್ತೇನೆ ಎಂದವನು ಉಳಿಯುತ್ತಿರಲಿಲ್ಲ. ಅದಕ್ಕೆ ಹೊಳೆಯವರು ಟಿಟ್ಟಿಭ ಹಕ್ಕಿಯನ್ನು ನಂಬಿದ್ದರು. ಗೂಡು ಕಟ್ಟದ ಹಕ್ಕಿ ಅದು, ನೆಲದ ಮೇಲೆಯೇ ಸಣ್ಣ ತಗ್ಗು ಮಾಡಿ ನಾಲ್ಕು ತತ್ತಿ ಇಡುತ್ತದೆ. ಅದು ಹೊಳೆಯ ಉಸುಕಿನಲ್ಲಿ ತತ್ತಿ ಇಟ್ಟಿತೋ, ಮರಿ ಓಡಾಡುವವರೆಗೆ ನೀರು ಬರುವುದಿಲ್ಲ, ಕಾಯಿ ಮಾಗಲಿ ಎಂದು ನಿಶ್ಚಿಂತೆಯಿಂದ ಇರಬಹುದು. ದಂಡೆಯ ಮೇಲೆ ಇಟ್ಟಿತೋ, ಆ ಕ್ಷಣವೇ ಗುಡಿಸಲು ಕಿತ್ತು ಮೇಲೇರಬೇಕು. ತತ್ತಿ ಎಲ್ಲಿದೆ ಎಂದು ಹುಡುಕುವ ಹಕ್ಕು ಒಂದೇ ಮನೆತನದ್ದು. ಹಕ್ಕಿ ನೋಡುವ ಮನೆ ಎಂದೇ ಅವರಿಗೆ ಹೆಸರು. ಆ ಮನೆಯವನು ತತ್ತಿ ಕಂಡ ಜಾಗಕ್ಕೆ ದನ, ನಾಯಿ, ಮಕ್ಕಳು ತುಳಿಯದ ಹಾಗೆ ಜಾಲಿಮುಳ್ಳಿನ ಬೇಲಿ ಹಾಕಿ ಬಂದು ಹೇಳಿದರೆ ಅದೇ ಕೊನೆಯ ಮಾತು. ಇನ್ನೊಂದು ಕಟ್ಟಳೆಯೂ ಇತ್ತು. ಒಮ್ಮೆ ಒಲೆಗುಂಡು ಕಿತ್ತು ಮೇಲೇರಿದರೆ ಆ ವರ್ಷ ಮತ್ತೆ ಯಾರೂ ಉಸುಕಿಗೆ ಇಳಿಯುವಂತಿಲ್ಲ. ಬಿಟ್ಟುಬಂದದ್ದು ಹೊಳೆಯದು, ಅದರಲ್ಲಿ ಒಂದು ಕಾಯಿ ಮುಟ್ಟಿದರೂ ಹೊಳೆವ್ವ ಮುನಿಯುತ್ತಾಳೆ ಎಂದು ಅವರ ನಂಬಿಕೆ.

ಆ ಕಾಲಕ್ಕೆ ಹಕ್ಕಿ ನೋಡುವವನು ಹುಲುಗಪ್ಪ. ಮಾತು ಕಡಿಮೆ, ನಡೆದರೆ ಸಪ್ಪಳವಿಲ್ಲ, ಹಕ್ಕಿ ಹಿಂದೆ ತಿರುಗಿ ತಿರುಗಿ ಅವನೂ ಹಾಗೇ ಆಗಿದ್ದ. ಹೆಂಡತಿ ತಿರುಕವ್ವ, ಬಾಯಿ ಜೋರು, ಕರುಳು ಅದಕ್ಕಿಂತ ಜೋರು. ಒಬ್ಬಳೇ ಮಗಳು ಯಂಕವ್ವ. ಅವಳನ್ನು ತಮ್ಮವರಲ್ಲೇ ಭರಮಪ್ಪ ಎಂಬ ಹುಡುಗನಿಗೆ ಕೊಟ್ಟು, ಮಗ್ಗುಲಲ್ಲೇ ಅವರಿಗೂ ಒಂದು ಗುಡಿಸಲು ಹಾಕಿಸಿಕೊಂಡಿದ್ದ. ಮಗಳೆಂದರೆ ಹುಲುಗಪ್ಪನಿಗೆ ಪ್ರಾಣ. ಅವಳೂ ಅಷ್ಟೇ, ಅಪ್ಪ ಹೇಳಿದನೆಂದರೆ ಹಗಲಲ್ಲಿ ಚುಕ್ಕಿ ಕಾಣುತ್ತಿವೆ ಎಂದರೂ ನಂಬುವವಳು.

ನಮ್ಮ ಕಥೆಯ ಹಿಂದಿನ ವರ್ಷ ಹಕ್ಕಿ ದಂಡೆಯ ದಿಬ್ಬದ ಮೇಲೆ ತತ್ತಿ ಇಟ್ಟಿತು. ಹುಲುಗಪ್ಪ ನೋಡಿ ಬಂದು ಏಳಿರಿ ಎಂದ. ಕಾಯಿ ಇನ್ನೂ ಮುಷ್ಟಿಯಷ್ಟು, ಎಳಸು. ಆದರೂ ಯಾರೂ ಎದುರಾಡಲಿಲ್ಲ, ಒಲೆಗುಂಡು ಕಿತ್ತು ಮೇಲೇರಿದರು. ನೀರು ಬರಲಿಲ್ಲ. ವಾರ ಕಳೆಯಿತು, ಪಕ್ಷ ಕಳೆಯಿತು, ಹಕ್ಕಿಯ ಮರಿಗಳು ದಿಬ್ಬದ ಮೇಲೆ ಓಡಾಡಿ ಹಾರಿಹೋದವು, ನೀರು ಮಾತ್ರ ಬರಲಿಲ್ಲ. ಜನ ದಂಡೆಯ ಮೇಲೆ ಸಾಲಾಗಿ ಕೂತು, ತಾವು ಊರಿದ ಕಾಯಿ ತಮ್ಮ ಕಣ್ಣೆದುರಿಗೇ ಬಲಿತು, ಮಾಗಿ, ಒಡೆದು, ನರಿಗಳ ಪಾಲಾಗುವುದನ್ನು ನೋಡಿದರು. ಇಳಿಯುವಂತಿಲ್ಲವಲ್ಲ! ಆಷಾಢದ ಹೊತ್ತಿಗೆ ಹಸಿವು ಶುರುವಾಯಿತು. ಗೌಡರ ಹೊಲದ ಬದುವಿನ ಸೊಪ್ಪನ್ನೂ ಬಿಡಲಿಲ್ಲ. ಯಂಕವ್ವನ ಚೊಚ್ಚಲ ಕೂಸು ಆಗಷ್ಟೇ ಮಗ್ಗುಲು ಹೊರಳುತ್ತಿತ್ತು. ತಾಯಿಯ ಎದೆ ಬತ್ತಿತು, ಕೂಸು ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಟ್ಟಿತು. ಮಣ್ಣು ಮಾಡಿ ಬಂದ ದಿನ ತಿರುಕವ್ವ ಗಂಡನ ಮುಂದೆ ನಿಂತು, "ಹಕ್ಕಿ ಸುಳ್ಳು ಹೇಳ್ತೋ, ನಿನ್ನ ಕಣ್ಣು ಸುಳ್ಳು ಹೇಳಿದ್ವೋ?" ಎಂದಳು. ಅದೇ ಕೊನೆ. ಅವತ್ತಿನಿಂದ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅನ್ನ ಹಾಕುತ್ತಿದ್ದಳು, ಬೇರೆ ಕಡೆ ನೋಡುತ್ತ ಹಾಕುತ್ತಿದ್ದಳು. ಮಗಳು ಮಾತ್ರ ಒಂದು ಮಾತೂ ಅನ್ನಲಿಲ್ಲ. ಅವಳಾದರೂ ಬೈದಿದ್ದರೆ ಹುಲುಗಪ್ಪನ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಮರುವರ್ಷ ನೀರು ತಡವಾಗಿ ಸರಿಯಿತು, ಬಿತ್ತಿದ್ದೂ ತಡವಾಯಿತು. ಬೇಸಿಗೆ ಮುಗಿಯುತ್ತ ಬಂದರೂ ಕಾಯಿ ಇನ್ನೂ ಮಾಗಿರಲಿಲ್ಲ. ಆದರೆ ಎಂಥ ಬೆಳೆ! ಬಳ್ಳಿ ಬಳ್ಳಿಗೂ ಬಿಂದಿಗೆಯಷ್ಟು ದೊಡ್ಡ ಕಾಯಿ. ಜನರ ಮುಖದಲ್ಲಿ ಮತ್ತೆ ನಗು ಬಂತು. ಯಂಕವ್ವ ಮತ್ತೆ ಬಸುರಿ, ದಿನ ತುಂಬುತ್ತಿತ್ತು. ಇನ್ನೊಂದು ಪಕ್ಷ ಹೊಳೆ ತಡೆದರೆ ಸಾಕು, ಈ ಕೂಸಿಗೆ ಹಾಲು ಉಂಟು ಎಂದು ಹುಲುಗಪ್ಪ ದಿನವೂ ಬೆಳಗಾದರೆ ಉಸುಕಿನ ಮೂಲೆ ಮೂಲೆ ಹುಡುಕುತ್ತಿದ್ದ. ತತ್ತಿ ಎಲ್ಲೂ ಇರಲಿಲ್ಲ. ಒಂದು ಮುಂಜಾನೆ ಹಕ್ಕಿಯ ಕೂಗು ದಂಡೆಯ ಕಡೆಯಿಂದ ಕೇಳಿತು. ದಿಬ್ಬ ಹತ್ತಿ ನೋಡಿದರೆ, ಹಾಸುಬಂಡೆಯ ಮಗ್ಗುಲಿಗೆ ಗರಸಿನ ತಗ್ಗಿನಲ್ಲಿ ನಾಲ್ಕು ತತ್ತಿ, ಮಣ್ಣಿನ ಬಣ್ಣ, ಕರಿ ಚುಕ್ಕಿ. ಹುಲುಗಪ್ಪ ಅಲ್ಲೇ ಕುಕ್ಕರಿಸಿದ. ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಕೂಗುತ್ತಿತ್ತು. "ಹೋದ ವರ್ಸಾನೂ ಹಿಂಗs ಮ್ಯಾಲೆ ಇಟ್ಟಿದ್ದೆಲ್ಲಾ, ಏನಾತು? ನಿನ್ನ ಮರಿ ಹಾರಿಹೋದ್ವು. ನನ್ನ ಮೊಮ್ಮಗ ಮಣ್ಣಾಗ ಹೋದ," ಎಂದು ಅದಕ್ಕೆ ಹೇಳಿದನಂತೆ. ಹೇಳಿ, ರುಮಾಲು ಬಿಚ್ಚಿ, ತತ್ತಿಗಳನ್ನು ಒಂದೊಂದಾಗಿ ಅದರಲ್ಲಿಟ್ಟು, ಎದೆಗವಚಿಕೊಂಡು ಕೆಳಗಿಳಿದ. ಗುಡಿಸಲುಗಳಿಗೆ ಸ್ವಲ್ಪ ದೂರದಲ್ಲಿ ಉಸುಕಿನಲ್ಲಿ ತಗ್ಗು ಮಾಡಿ ಇಟ್ಟು ಸುತ್ತ ಮುಳ್ಳು ಹಾಕಿದ. ಅವನ ಮನೆತನದಲ್ಲಿ ಹಿಂದೆ ಯಾರೂ ಆ ತತ್ತಿಗಳನ್ನು ಕೈಯಿಂದ ಮುಟ್ಟಿರಲಿಲ್ಲ.

ಹಿರಿಯ ಸಣ್ಣೀರಪ್ಪ ತನ್ನ ಗುಡಿಸಲ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಇವನು ಬರುವುದನ್ನು ಕಂಡು, "ಎಲ್ಲಿ ಇಟ್ಟೈತೋ ಹುಲುಗಪ್ಪಾ?" ಎಂದ. ಹುಲುಗಪ್ಪ ಅವನ ಕಣ್ಣು ತಪ್ಪಿಸಿ, "ಕೆಳಗs ಐತಿ ಕಾಕಾ," ಎಂದ. ಅಷ್ಟೇ. ಆ ಒಂದು ಮಾತಿಗೆ ಹೊಳೆಯೆಲ್ಲ ಹಬ್ಬವಾಯಿತು ಎನ್ನುತ್ತಾರೆ. ಮುದುಕಿಯರು ಕುಣಿದರು. ಅರ್ಧ ಮಾಗಿದ ಒಂದು ಕಲ್ಲಂಗಡಿಯನ್ನು ಒಡೆದು ಎಲ್ಲರಿಗೂ ಹಂಚಿದರು. ಒಳಗೆ ಇನ್ನೂ ಬಿಳಿಚಿಕೊಂಡಿತ್ತು, ಸಪ್ಪೆ, ಆದರೂ ಜೇನು ತಿಂದ ಹಾಗೆ ತಿಂದರು. ತಿರುಕವ್ವ ರೊಟ್ಟಿ ತಂದಿಟ್ಟು, ಕೂಸು ಸತ್ತ ಮೇಲೆ ಮೊದಲ ಸಲ ಗಂಡನ ಮುಖ ನೋಡಿ, "ಉಣ್ಣು, ಸೊರಗಿ ಕಡ್ಡಿ ಆಗೀದಿ," ಎಂದಳು. ನಿಜ ಹೇಳಬೇಕೆಂದು ಹುಲುಗಪ್ಪ ನಿಶ್ಚಯ ಮಾಡಿಕೊಂಡಿದ್ದರೂ ಆ ಮಾತು ಕೇಳಿದ ಮೇಲೆ ಅವನ ಬಾಯಿ ಏಳಲಿಲ್ಲ. ರೊಟ್ಟಿಯೊಂದಿಗೆ ಅದನ್ನೂ ನುಂಗಿದ.

ಹಕ್ಕಿ ಕೆಳಗೆ ಬರಲಿಲ್ಲ. ಬರುತ್ತದೆ, ತತ್ತಿ ಕಂಡರೆ ಬಂದೇ ಬರುತ್ತದೆ ಎಂದು ಹುಲುಗಪ್ಪ ಕಾದ. ಅದು ದಿಬ್ಬದ ಮೇಲೆಯೇ ಖಾಲಿ ತಗ್ಗಿನ ಸುತ್ತ ಓಡಾಡುತ್ತ ಹಗಲೆಲ್ಲ ಅರಚಿತು. ಯಂಕವ್ವ ಒಂದು ಸಂಜೆ ಬೇಲಿಯ ತನಕ ನಡೆದು ಬಂದು ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಯಪ್ಪಾ, ಹಕ್ಕಿ ಕಾವಿಗೆ ಕೂತಿಲ್ಲಲ್ಲೋ?" ಎಂದಳು. "ಬಿಸಿಲಾಗ ಕೂಡಂಗಿಲ್ಲವ್ವಾ. ಉಸುಕಿನ ಕಾವs ಸಾಕಾಗತೈತಿ. ತಂಪೊತ್ತಿಗೆ ಬರತೈತಿ," ಎಂದ ಅಪ್ಪ. ಅವಳು ಇನ್ನೊಮ್ಮೆ ತತ್ತಿ ನೋಡಿದಳು. "ನೀ ಅಂದ್ರ ಸರಿ ಬಿಡು," ಎಂದು ಗುಡಿಸಲಿಗೆ ಹೋದಳು. ಸುಳ್ಳನ್ನು ಯಾರು ಬೇಕಾದರೂ ಹೇಳಿಯಾರು, ಆದರೆ ನಂಬುವವರ ಮುಂದೆಯೇ ಹೇಳಿಬಿಟ್ಟನಲ್ಲ ಪಾಪಿ, ಎನ್ನುತ್ತಾರೆ ಊರಿನ ಹಿರಿಯರು.

ಇದಾಗಿ ಎರಡು ಮೂರು ದಿನಕ್ಕೆ, ಬೆಳಗಿನ ಹೊತ್ತು, ಭರಮಪ್ಪ ಮತ್ತೆ ಕೆಲವು ಗಂಡಸರು ಸವತೆಯ ಬುಟ್ಟಿ ಹೊತ್ತು ದಂಡೆಯ ಊರುಗಳಿಗೆ ಹೋಗಿದ್ದರು. ಉಳಿದವರು ಬಳ್ಳಿಗೆ ನೀರು ಹಾಕುತ್ತಿದ್ದರು. ನೀರು ತುಂಬಿಕೊಳ್ಳಲು ಹುಲುಗಪ್ಪ ಉಸುಕಿನಲ್ಲಿ ತೋಡಿದ್ದ ನೀರಿನ ಕುಣಿಯ ಹತ್ತಿರ ಹೋದ. ಇಷ್ಟು ದಿನ ಮೊಳಕಾಲಿನ ಆಳದಲ್ಲಿ ತಿಳಿಯಾಗಿರುತ್ತಿದ್ದ ಒಸರು ನೀರು ಅವತ್ತು ಕುಣಿಯ ಬಾಯಿಯ ತನಕ ಬಂದಿತ್ತು, ಬಣ್ಣ ಕೆಂಪಗೆ ತಿರುಗಿತ್ತು. ಮೇಲೆ ಎಲ್ಲೋ ಹೊಳೆ ಎದ್ದಿತ್ತು. ಹಕ್ಕಿ ಈ ಸಲ ಸುಳ್ಳು ಹೇಳಿರಲಿಲ್ಲ.

ಇಲ್ಲಿಗೆ ಬಂದಾಗ ಕೇಳುವವರಿಗೆಲ್ಲ ಸಿಟ್ಟು ಬರುತ್ತದೆ. ಬರಲಿ, ಬರಬೇಕಾದದ್ದೇ. ಅವನು ನಿಂತಲ್ಲೇ ನಿಂತು ಬಾಯಿ ಬಿಟ್ಟು ಕೂಗಬಹುದಿತ್ತು. ಕುಣಿಯ ನೀರನ್ನು ತೋರಿಸಬಹುದಿತ್ತು. ಕೂಗಲಿಲ್ಲ. ಏಕೆಂದರೆ ಅವನ ತಲೆಯಲ್ಲಿ ಓಡಿದ್ದೇ ಬೇರೆ. ತತ್ತಿ ಕೆಳಗಿದೆ ಎಂದು ಹೇಳಿದವನು ನಾನೇ, ಬೇಲಿ ಹಾಕಿದವನೂ ನಾನೇ. ಈಗ ಏಳಿ ಎಂದರೆ ಯಾರು ಏಳುತ್ತಾರೆ? ಹೋದ ವರ್ಷ ಎಬ್ಬಿಸಿ ಕೊಂದೆ, ಈ ವರ್ಷವೂ ಕೊಲ್ಲುತ್ತೀಯಾ ಎನ್ನುತ್ತಾರೆ. ಬೇಲಿಯೊಳಗೆ ತತ್ತಿ ಇರುವವರೆಗೆ ಹೊಳೆಯವರು ಒಲೆಗುಂಡು ಕೀಳುವುದಿಲ್ಲ. ನಾನೇ ತಂದಿಟ್ಟೆ ಎಂದರೆ ಹೆಂಡತಿ ಮತ್ತೆ ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. ಅದಕ್ಕಿಂತ, ತತ್ತಿಗಳನ್ನು ಮೊದಲಿದ್ದಲ್ಲೇ ಮತ್ತೆ ಇಟ್ಟುಬಿಟ್ಟರೆ? ಹಕ್ಕಿ ಕಾವಿಗೆ ಕೂತಿರುವುದನ್ನೇ ಜನಕ್ಕೆ ತೋರಿಸಿ, ಬನ್ನಿ, ಇದು ಬೇರೆ ಜೋಡಿ, ಮೇಲೆ ಇಟ್ಟಿದೆ ಎಂದರೆ? ಎಲ್ಲರೂ ನಂಬುತ್ತಾರೆ, ಎಲ್ಲರೂ ಏಳುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಎಣಿಕೆ ಹಾಕಿ, ಯಾರೂ ನೋಡದ ಹಾಗೆ ಬೇಲಿ ಸರಿಸಿ, ತತ್ತಿಗಳನ್ನು ರುಮಾಲಿಗೆ ಎತ್ತಿಕೊಂಡ. ಅವು ಒಡೆಯಬಾರದೆಂದು ಓಡಲಿಲ್ಲ, ಮೆಲ್ಲಗೆ ನಡೆದ. ಉಸುಕು ದಾಟಿದ, ದಂಡೆ ಹತ್ತಿದ, ದಿಬ್ಬ ಹತ್ತಿದ. ತಗ್ಗಿನಲ್ಲಿ ಮೊದಲಿದ್ದ ಹಾಗೆಯೇ, ಚೂಪು ತುದಿ ಒಳಗಾಗಿ, ನಾಲ್ಕನ್ನೂ ಹೊಂದಿಸಿ ಇಟ್ಟ. ಹಕ್ಕಿ ಬಂದು ರೆಕ್ಕೆ ಬಿಚ್ಚಿ ಅವುಗಳ ಮೇಲೆ ಕೂತಿತು. ಆಗ ಅವನು ಹೊಳೆಯ ಕಡೆ ತಿರುಗಿ, "ಮ್ಯಾಲೆ ಬರ್ರಿ! ಎಲ್ಲಾರೂ ಮ್ಯಾಲೆ ಬರ್ರಿ!" ಎಂದು ಕೂಗಿದ.

ಕೆಳಗಿದ್ದವರಿಗೆ ಕೂಗು ಕೇಳಿತು. ಕೇಳಿ ಅವರು ಮಾಡಿದ್ದು ಹೊಳೆಯವರು ಮಾತ್ರ ಮಾಡುವಂಥದ್ದು. ಏಳುವ ಮೊದಲು ತತ್ತಿ ಏನಾಯಿತು ನೋಡಿ ಬನ್ನಿ ಎಂದು ಸಣ್ಣೀರಪ್ಪ ಹೇಳಿದ. ಬೇಲಿಗೆ ಹತ್ತಿರ ಇದ್ದವಳು ಯಂಕವ್ವ. ತುಂಬಿದ ಹೊಟ್ಟೆ ಹೊತ್ತುಕೊಂಡು ಅವಳು ಹೋದಳು. ಮುಳ್ಳು ಸರಿದಿತ್ತು, ಒಳಗೆ ಬರಿಯ ತಗ್ಗು, ಸುತ್ತ ಅಪ್ಪನ ಹೆಜ್ಜೆ. ಹೆಜ್ಜೆ ಅಲ್ಲಿಂದ ದಂಡೆಯ ಕಡೆ ಸಾಲಾಗಿ ಹೋಗಿತ್ತು. ಅವಳ ಕಣ್ಣು ಆ ಸಾಲನ್ನೇ ಹಿಡಿದು ದಿಬ್ಬದವರೆಗೆ ಹೋಯಿತು. ನಿಂತಲ್ಲಿಂದಲೇ ತಲೆ ಎತ್ತಿ ಅಪ್ಪನನ್ನು ನೋಡಿದಳು. ಓಡಲಿಲ್ಲ, ಕೂಗಲಿಲ್ಲ, ಸುಮ್ಮನೆ ನೋಡುತ್ತ ನಿಂತಳು. ಅವಳಿಗೆ ಎಲ್ಲ ತಿಳಿಯಿತೆಂದು ಅಷ್ಟು ದೂರದಿಂದಲೂ ಹುಲುಗಪ್ಪನಿಗೆ ತಿಳಿಯಿತು. ಅಷ್ಟರಲ್ಲಿ ತಿರುವಿನ ಆಚೆಯಿಂದ ಬಂಡಿಗಳ ಸಾಲೇ ಉರುಳಿ ಬಂದ ಹಾಗೆ ಸದ್ದಾಯಿತು. ಕೆಂಪು ನೀರು ಎದ್ದು ನಿಂತ ಗೋಡೆಯಂತೆ ಬಂತು. ಬಿಸಿಲು ಹಾಗೇ ಇತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಗುಡಿಸಲು, ಬಳ್ಳಿ, ಕಾಯಿ, ಜನ, ಎಲ್ಲವೂ ಅವನ ಕಣ್ಣೆದುರಿಗೆ ಒಟ್ಟಿಗೇ ಹೋದವು. ತತ್ತಿ ಒಡೆಯಬಾರದೆಂದು ಅವನು ಮೆಲ್ಲಗೆ ನಡೆದ ಹೊತ್ತಿತ್ತಲ್ಲ, ಅಷ್ಟು ಹೊತ್ತು ಸಿಕ್ಕಿದ್ದರೆ ಮುದುಕರು ಮಕ್ಕಳೆಲ್ಲ ದಂಡೆ ಮುಟ್ಟುತ್ತಿದ್ದರು.

ಮಧ್ಯಾಹ್ನ ಬುಟ್ಟಿ ಹೊತ್ತವರು ಹಿಂದಿರುಗಿದರು. ದಂಡೆಗೆ ದಂಡೆ ಹೊಳೆ ತುಂಬಿತ್ತು, ಅಲ್ಲಲ್ಲಿ ಕಲ್ಲಂಗಡಿ ತೇಲುತ್ತಿದ್ದವು. ದಿಬ್ಬದ ಮೇಲೆ ಮಾವನೊಬ್ಬನೇ ಕೂತಿದ್ದ. ಭರಮಪ್ಪ ಹೋಗಿ ಅವನ ಭುಜ ಹಿಡಿದು ಅಲುಗಿಸಿ, "ಮಾವಾ, ನಮ್ಮೋರು ಎಲ್ಲಿ? ಯಂಕಿ ಎಲ್ಲಿ?" ಎಂದ. ಹುಲುಗಪ್ಪ ಹೊಳೆಯ ಕಡೆಗೇ ನೋಡುತ್ತ, "ನಾ ಮೊದಲs ಕೂಗಲಿಲ್ಲೋ ಭರಮಾ," ಎಂದ. ಆಮೇಲೆ ನಡೆದದ್ದನ್ನೆಲ್ಲ ಹೇಳಿದ. ಯಾರೂ ಅವನ ಮೈಮೇಲೆ ಕೈ ಮಾಡಲಿಲ್ಲ. ಉಳಿದವರು ಎಷ್ಟು ಮಂದಿ, ಕೈ ಮಾಡುವುದಕ್ಕೆ? ಭರಮಪ್ಪ ಮಾತ್ರ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಅದರಲ್ಲಿದ್ದ ಜೋಳವನ್ನು ಹೊಳೆಗೆ ಸುರಿದು, ದಿಬ್ಬ ಇಳಿದು ಹೋದ. ಆ ಹೊತ್ತಿನಿಂದ ಸಾಯುವವರೆಗೂ ಅವನು ಮಾವನ ಹೆಸರೆತ್ತಲಿಲ್ಲ.

ಹಕ್ಕಿ ಆ ತತ್ತಿಗಳ ಮೇಲೆ ಮರಿಯಾಗುವ ಕಾಲ ಮೀರಿದರೂ ಕೂತಿತ್ತು ಎನ್ನುತ್ತಾರೆ. ಅವು ಎಂದೋ ತಣ್ಣಗಾಗಿದ್ದವು. ಕೊನೆಗೆ ಒಂದು ದಿನ ಎದ್ದು ಹೋಯಿತು, ತಿರುಗಿ ನೋಡಲಿಲ್ಲ. ಹುಲುಗಪ್ಪ ಹೋಗಲಿಲ್ಲ. ಮಳೆಯಲ್ಲಿ, ಚಳಿಯಲ್ಲಿ ಅಲ್ಲೇ ಕೂತು, ಒಡೆಯದ ನಾಲ್ಕು ತತ್ತಿ ಕಾಯುತ್ತ, ನರಿ ಬಂದರೆ ಕಲ್ಲು ಬೀರುತ್ತ ದಿನ ಕಳೆದ. ಉಳಿದವರು ಗೌಡರ ಹೊಲದಲ್ಲಿ ಆಳಾಗಿ ದುಡಿದು, ತಮಗೆ ಸಿಕ್ಕ ರೊಟ್ಟಿಯಲ್ಲಿ ಅರ್ಧ ತಂದು ಅವನ ಮುಂದೆ ಇಟ್ಟು ಹೋಗುತ್ತಿದ್ದರು. ಅವನು ಸತ್ತ ಮೇಲೂ ದಿಬ್ಬದ ಹೆಸರು ಅವನದಾಗಲಿಲ್ಲ, ಅವನ ಹೆಸರಿಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ತತ್ತಿದಿಬ್ಬ ಎಂದರು. ಚಳಿಗಾಲದಲ್ಲಿ ಹೊಳೆ ಸರಿದು ಉಸುಕು ಮತ್ತೆ ಬೆಳ್ಳಗೆ ತೆರೆದುಕೊಂಡಿತು, ಆದರೆ ಇಳಿಯಲು ಯಾರಿಗೂ ಕಾಲು ಬರಲಿಲ್ಲ. ಹೊಳೆಯವರು ಹೊಳೆಯವರಾಗಿ ಉಳಿಯಲಿಲ್ಲ. ಬೇರೆಯವರ ದಂಡೆಯ ಮೇಲೆ ಬೇರೆಯವರ ಬೆಳೆ ಕೊಯ್ಯುತ್ತ, ಇದ್ದೂ ಇಲ್ಲದವರ ಹಾಗೆ ಉಳಿದರು. ಉಸುಕಿನಹಾಳ ಎಂದು ಇಂದು ನಾವು ಕರೆಯುವುದು ಹಾಗೆ ಉಳಿದವರ ಕೇರಿಯನ್ನು.

ಬೇಸಿಗೆಯ ಕೊನೆಗೆ ಇಲ್ಲಿಗೆ ಬಂದವರು ಒಂದು ಸಂಗತಿಯನ್ನು ತಮ್ಮ ಕಣ್ಣಾರೆ ಕಾಣಬಹುದು. ರೋಹಿಣಿ ಮಳೆ ಹುಟ್ಟುವ ದಿನ ಬೆಳಿಗ್ಗೆ ಊರಿನ ಹೆಂಗಸರು, ಬಸುರಿಯರು ಮುಂದಾಗಿ, ಈ ದಿಬ್ಬ ಹತ್ತುತ್ತಾರೆ. ಪೂಜೆ ಇಲ್ಲ, ಕಾಯಿ ಒಡೆಯುವುದಿಲ್ಲ, ಹಾಡಿಲ್ಲ. ಕೆಳಗೆ ಹೊಳೆ ಖಾಲಿ ಬಿದ್ದಿರುತ್ತದೆ, ಒಂದು ನರಪಿಳ್ಳೆಯೂ ಇರುವುದಿಲ್ಲ. ಆ ಖಾಲಿ ಉಸುಕಿಗೆ ಮುಖ ಮಾಡಿ ನಿಂತು, "ಮ್ಯಾಲೆ ಬರ್ರಿ! ಮ್ಯಾಲೆ ಬರ್ರಿ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಸೇತುವೆಯ ಮೇಲೆ ಹೋಗುವ ಬಸ್ಸಿನವರು ಕಿಟಕಿಯಿಂದ ಇಣುಕಿ, ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡಿ ನಗುವುದೂ ಉಂಟು. ಹೆಂಗಸರು ಅದಕ್ಕೆ ಲಕ್ಷ್ಯ ಕೊಡುವುದಿಲ್ಲ. ಕೂಗಿ ಮುಗಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಾರೆ. ಯಾರೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಗೆ ಹೋಗುತ್ತಾರೆ.